ಕಂಕುಳಲ್ಲಿ ಹರಿದ ಜೀಪು

ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೂ ಮೀರಿದವರಿಲ್ಲ. ಮಾವಾರು ಪಡಸಾಲೆಯ ಕುರ್ಚಿಯಲ್ಲಿ, ನಾನು ಅಡುಗೆಮನೆಯ ಬಾಗಿಲಲ್ಲಿ, ನಡುವೆ ಅತ್ತೆ. "ಆಕಿಗೆ ಹೇಳು, ನಾಳೆ ಗೊಬ್ಬರ ಬರ್ತೈತೆ" ಅಂತ ಮಾವಾರು ಹೇಳುತ್ತಿದ್ದರು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತ ನನಗೆ ಅದು ಸ್ಪಷ್ಟವಾಗಿಯೇ ಕೇಳಿರುತ್ತಿತ್ತು. ಆದರೂ ಅತ್ತೆ ನನ್ನ ಕಡೆ ತಿರುಗಿ, "ನಾಳೆ ಗೊಬ್ಬರ ಬರ್ತೈತಂತವ್ವ" ಅನ್ನಬೇಕು. ನಾನು "ಆಗ್ಲಿ ಅನ್ರಿ" ಅನ್ನಬೇಕು. ಅವರು ಆ ಕಡೆ ತಿರುಗಿ "ಆಗ್ಲಿ ಅಂತಾಳ್ರಿ" ಅನ್ನಬೇಕು. ಅತ್ತೆ ನಾಲ್ಕು ದಿನ ತವರಿಗೆ ಹೋದರೆ ಮನೆಯ ಕಾರುಬಾರೇ ನಿಂತುಹೋಗುತ್ತಿತ್ತು.

ಹೀಗಾಗಿ ನಾನು ಓಡಿಸುತ್ತಿದ್ದ ಜೀಪಿನ ಮೂರನೆಯ ಶಾಕಬ್ಸರ್ ಕೆಟ್ಟುಹೋದ ದಿನ ನನ್ನ ಮೇಲಿನ ಬೈಗುಳವೂ ಅತ್ತೆಯ ಕಡೆಗೇ ಬಂತು.

"ಆಕಿಗೆ ಹೇಳು, ಜೀಪು ಮಾರ್ತೀನಿ. ಹರಿಹರದಾಗ ಒಬ್ರು ಕೇಳ್ಯಾರೆ. ಬುಧವಾರ ತೋರಿಸ್ಕೊಂಡು ಬರ್ತೀನಿ. ಜಮೀನು ಬ್ಯಾರೆಯೋರಿಗೆ ಲಾವಣಿಗೆ ಕೊಟ್ಬಿಡಾಣ. ಹೆಂಗಸ್ರು ಗಾಡಿ ಓಡ್ಸಿದ್ರೆ ಹಿಂಗೇ ಆಗೋದು."

ಈ ಸಲ ಅತ್ತೆ ನನ್ನ ಕಡೆ ತಿರುಗಲಿಲ್ಲ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ದುಃಖಕ್ಕಲ್ಲ, ಸಿಟ್ಟಿಗೆ. ನನಗೆ ಸಿಟ್ಟು ಬಂದರೆ ಮೊದಲು ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಬಾಯಲ್ಲಿ ಮಾತು ಬರುತ್ತದೆ. ಆ ಮನೆಯಲ್ಲಿ ನೀರಿಗೆ ಮಾತ್ರ ಅವಕಾಶವಿತ್ತು.

ಆ ಜೀಪು ನನ್ನ ಕೈಗೆ ಬಂದ ಕಥೆ ಹೇಳಬೇಕು. ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆ, ಪೇಟೆಯಲ್ಲಿ ಅಕ್ಕಿ ವ್ಯಾಪಾರ, ನಂದಿಗುಡಿಯಿಂದ ಇನ್ನೂ ಮುಂದೆ ಚಾನಲ್ ಏರಿಯ, ಅಂದರೆ ಕಾಲುವೆ ದಂಡೆಯ, ಪಕ್ಕ ಭತ್ತದ ಗದ್ದೆ. ಗದ್ದೆ ಬಹಳ ವರ್ಷದಿಂದ ಲಾವಣಿಗೇ, ಅಂದರೆ ಗುತ್ತಿಗೆಗೇ, ಹೋಗಿತ್ತು. ಅದನ್ನು ಬಿಡಿಸಿಕೊಂಡು ನಾವೇ ಮಾಡಿಸೋಣ ಎಂದು ಮಾವಾರು ಹೊಸ ಜೀಪು ತಂದರು. ಓಡಿಸಬೇಕಾದವರು ನನ್ನ ಗಂಡ, ನಮ್ಮೋರು. ಅವರು ಎರಡನೇ ವಾರಕ್ಕೇ ಅದನ್ನು ಚಾನಲ್‌ಗೆ ಇಳಿಸಿದರು. ನೀರು ಮೊಣಕಾಲುದ್ದ ಮಾತ್ರ ಇತ್ತು, ಮರ್ಯಾದೆ ಪೂರ್ತಿ ಮುಳುಗಿತು. ಅಂದಿನಿಂದ ನಮ್ಮೋರು ಸ್ಟೇರಿಂಗ್ ಮುಟ್ಟಲಿಲ್ಲ.

ನಾನು ತವರಲ್ಲಿ ಗಂಡುಮಕ್ಕಳಿಲ್ಲದ ಅಪ್ಪನ ಹಿರಿಮಗಳು. ಹದಿನಾರು ತುಂಬುವುದರೊಳಗೆ ಟ್ರ್ಯಾಕ್ಟರ್ ಓಡಿಸಿದವಳು. "ನಾ ಓಡಿಸ್ತೀನಿ ಅನ್ರಿ" ಅಂತ ಅತ್ತೆಗೆ ಹೇಳಿದೆ. ಅತ್ತೆ ಬೆಚ್ಚಿಬಿದ್ದು ಮಾವಾರಿಗೆ ಮುಟ್ಟಿಸಿದರು. ಪಡಸಾಲೆಯಿಂದ, "ನೋಡಾಣ ಅಂತ ಹೇಳು" ಎಂದು ಬಂತು.

ನೋಡಿದರು. ವಾರಕ್ಕೆ ಮೂರು ದಿನ ಹರಿಹರ ದಾಟಿ ನಂದಿಗುಡಿ ದಾಟಿ ಗದ್ದೆಗೆ ಹೋಗಿ ಬರುತ್ತಿದ್ದೆ. ನಾಟಿ ನಾನೇ ನಿಂತು ಮಾಡಿಸಿದೆ, ನೀರಿನ ಪಾಳಿಗೆ ನಾನೇ ಜಗಳ ಮಾಡಿದೆ. ಮೊದಲ ಬೆಳೆಯ ಭತ್ತ ನೋಡಿ ಪಕ್ಕದ ಗದ್ದೆಯವರು ಬೀಜಕ್ಕೆ ಕೇಳಿಕೊಂಡು ಬಂದರು. ಜಂಭ ಅಂದರೆ ಅನ್ನಲಿ, ಆ ದಿನಗಳಲ್ಲಿ ನಾನು ನೆಲದ ಮೇಲೆ ನಡೆದಿದ್ದೇ ನೆನಪಿಲ್ಲ. ಜೀಪು ಹೋದರೆ ಗದ್ದೆ ಹೋಗುತ್ತದೆ, ಗದ್ದೆ ಹೋದರೆ ನಾನು ಮತ್ತೆ ಅಡುಗೆಮನೆಯ ಬಾಗಿಲಿಗೆ. ನನ್ನ ಪಾಲಿಗೆ ಅದು ಬರೀ ಗಾಡಿಯಾಗಿರಲಿಲ್ಲ.

ಮೊದಲ ಮಳೆಗಾಲದಲ್ಲಿ ಒಂದು ಸಲ ಸಿಕ್ಕಿಹಾಕಿಕೊಂಡಿದ್ದು ನಿಜ. ಚಾನಲ್ ಏರಿಯ ಮೇಲೆ ಎರಡು ಗಾಲಿಯ ಜಾಡು ಆಳ, ನಡುವೆ ಮಣ್ಣಿನ ದಿಬ್ಬ. ಜೀಪಿನ ಹೊಟ್ಟೆ ಆ ದಿಬ್ಬಕ್ಕೆ ಕೂತುಬಿಟ್ಟಿತು, ಗಾಲಿ ಸುಮ್ಮನೆ ತಿರುಗತೊಡಗಿದವು. ಎರೆಮಣ್ಣಿನಲ್ಲಿ ನಂದಿಗುಡಿವರೆಗೆ ನಡೆದುಹೋಗಿ ಟ್ರ್ಯಾಕ್ಟರ್ ಕರೆತಂದು ಎಳೆಸಿಕೊಂಡೆ. ಮನೆ ಮುಟ್ಟಿದಾಗ ಸೊಂಟದವರೆಗೆ ಕೆಸರು. ಪಡಸಾಲೆಯಲ್ಲಿದ್ದ ಮಾವಾರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎದ್ದು ಒಳಗೆ ಹೋದರು. ಊಟಕ್ಕೂ ಬರಲಿಲ್ಲ. ಅಸಹ್ಯಪಟ್ಟರು ಅಂದುಕೊಂಡೆ. ಅದಾದ ವಾರಕ್ಕೆ ಅಂಗಡಿಯ ಲಾರಿ ಡ್ರೈವರ್ ಕೈಲಿ ಜೀಪು ಓಡಿಸಿಕೊಂಡು "ಸರ್ವೀಸಿಂಗ್" ಅಂತ ಒಂದು ದಿನ ಎಲ್ಲಿಗೋ ಹೋಗಿ ಬಂದರು. ಆಮೇಲೆ ಯಾಕೋ ನನಗೆ ಜೀಪು ಹತ್ತುವುದು ಕಷ್ಟವಾಯಿತು, ಸೀರೆ ನೆರಿಗೆಯನ್ನು ಇನ್ನೊಂದು ಹಿಡಿ ಎತ್ತಿ ಕಟ್ಟಬೇಕಾಗುತ್ತಿತ್ತು. ಮೊಣಕಾಲಿಗೆ ವಯಸ್ಸಾಯಿತೇನೋ ಅಂದುಕೊಂಡು ಸುಮ್ಮನಾದೆ.

ಅಲ್ಲಿಂದ ಶುರುವಾಯಿತು ಶಾಕಬ್ಸರಿನ ಕಾಟ. ಗಾಡಿ ಗುಂಡಿಗೆ ಬಿದ್ದೆದ್ದಾಗ ಕುಣಿಯದಂತೆ ಹಿಡಿಯುವ, ಚಕ್ರಕ್ಕೊಂದರಂತೆ ಇರುವ ಎಣ್ಣೆ ತುಂಬಿದ ಕೊಳವೆ ಅದು. ಅದು ಹೋದರೆ ಜೀಪು ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತದೆ. ಕಂಪನಿಯಿಂದ ಬಂದದ್ದು ಎರಡು ತಿಂಗಳಿಗೆ ಹೋಯಿತು. ಅಂಥದ್ದೇ ಹೊಸ ಜೊತೆ ಹಾಕಿಸಿದೆ, ಅದೂ ಹೋಯಿತು. ಪ್ರತಿ ಸಲವೂ ಹಿಂದಿನ ಚಕ್ರದ್ದೇ. ದಾವಣಗೆರೆಯ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ, "ಗುಂಡಿ ನೋಡ್ಕೊಂಡು ನಿಧಾನ ಓಡ್ಸ್ರಿ ಅಕ್ಕಾರೆ" ಅಂದ. ತುಂಬಿದ ಕೊಡ ಹೊತ್ತವಳ ಹಾಗೆ ಓಡಿಸಿದೆ. ಎತ್ತಿನ ಗಾಡಿಗಳು ನನ್ನನ್ನು ದಾಟಿಕೊಂಡು ಹೋದವು. ಆದರೂ ಮೂರನೆಯದು ಹೋಯಿತು. ಮತ್ತೊಂದು ಹೊಸ ಜೊತೆ ಹಾಕಿಸಿ ಮನೆಗೆ ಬಂದ ದಿನವೇ ಮಾವಾರು ಜೀಪು ಮಾರುವ ಮಾತೆತ್ತಿದ್ದು.

ಬುಧವಾರಕ್ಕೆ ಮೊದಲು ಒಂದು ಸೋಮವಾರ ಸಿಕ್ಕಿತು. ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ, ಬಸವಣ್ಣನಿಗೆ ಬಿಡುವು. ಜೀಪು ಬಂದ ಮೇಲೆ ಮಾವಾರು ಅದಕ್ಕೂ ಆ ಬಿಡುವು ಕೊಟ್ಟಿದ್ದರು. ಸೋಮವಾರ ನಾನು ಹಿತ್ತಲಲ್ಲಿ ಓಣಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದೆ. ಅವತ್ತು ಪಕ್ಕದ ಮನೆಯಾಕೆ ಒಂದು ರವಿಕೆ ತಂದು ಮುಖಕ್ಕೇ ಹಿಡಿದಳು. ಬೇರೆ ಯಾರೋ ಹೊಲಿದದ್ದು, ಕಂಕುಳಲ್ಲಿ ಪರ್ ಅಂತ ಹರಿದಿತ್ತು. "ನಾನೇನ್ ಅಷ್ಟು ದಪ್ಪ ಆಗೀನೇನ್ರಿ?" ಅಂತ ಕೇಳಿದಳು. ನಾನು ಹೊಲಿಗೆ ತಿರುವಿ ನೋಡಿ, "ಬಿಗಿಯಾಗಿ ಹರಿದಿದ್ದಲ್ಲವ್ವ, ಗಿಡ್ಡಾಗಿ ಹರಿದೈತೆ. ತೋಳಿನ ಅಳತೆ ಸಾಲ್ದು. ನೀ ಮ್ಯಾಲಿನ ಡಬ್ಬಿಗೆ ಕೈ ಎತ್ತಿದ್ಯೇನು, ಹರೀತು" ಅಂದೆ.

ಅಂದವಳು ಹಾಗೇ ಕೂತೆ. ಕೈಯಲ್ಲಿ ರವಿಕೆ, ಕಣ್ಣು ಮೂಲೆಯಲ್ಲಿ ಬಿದ್ದಿದ್ದ ಮೂರು ಹಳೆಯ ಶಾಕಬ್ಸರುಗಳ ಮೇಲೆ.

ಎದ್ದು ಅವನ್ನು ಸಾಲಾಗಿ ಮಲಗಿಸಿದೆ. ಗುಂಡಿಗೆ ಬಡಿದು ಹೋಗಿದ್ದರೆ ಜಜ್ಜಿರಬೇಕು, ಬಾಗಿರಬೇಕು. ಇವು ಜಜ್ಜಿರಲಿಲ್ಲ. ಮೂರರಲ್ಲೂ ಒಳಗಿನ ಕಡ್ಡಿ ಬುಡ ಬಿಟ್ಟು ಹೊರಗೆ ಜಗ್ಗಿಕೊಂಡಿತ್ತು. ಮೂರೂ ಕಂಕುಳಲ್ಲಿ ಹರಿದಿದ್ದವು! ನನಗೆ ನಗುವೂ ಬಂತು, ಮೈಯೂ ಜುಮ್ಮೆಂದಿತು.

ರವಿಕೆಯ ಟೇಪು ಕೊರಳಿಗೆ ಹಾಕಿಕೊಂಡೇ ಇದ್ದೆ. ಬದಲಾಯಿಸುವಾಗ ಜೊತೆಯಲ್ಲೇ ಬಿಚ್ಚಿಟ್ಟಿದ್ದ, ಇನ್ನೂ ಕೆಡದ ಒಂದು ಹಳೆಯ ಶಾಕಬ್ಸರು ಇತ್ತು. ಕಾಲಲ್ಲಿ ಮೆಟ್ಟಿ ಎರಡೂ ಕೈಯಿಂದ ಜಗ್ಗಿ, ಅದು ಎಷ್ಟು ಬಿಚ್ಚಿಕೊಳ್ಳುತ್ತದೋ ಅಷ್ಟೂ ಬಿಚ್ಚಿಸಿ ಅಳೆದೆ. ಆಮೇಲೆ ಗೋಣಿಚೀಲ ಹಾಸಿಕೊಂಡು ಜೀಪಿನ ಕೆಳಗೆ ತೂರಿ, ಹಾಕಿದ್ದ ಹೊಸದನ್ನು ಅಳೆದೆ. ಪೂರ್ತಿ ಬಿಚ್ಚಿಕೊಳ್ಳಲು ಒಂದೇ ಬೆರಳು ಬಾಕಿ. ಅಂದರೆ ಜೀಪು ಮನೆ ಮುಂದೆ ಸುಮ್ಮನೆ ನಿಂತಿದ್ದಾಗಲೇ ಅದರ ತೋಳು ಮೇಲಕ್ಕೆ ಎತ್ತಿಯೇ ಇತ್ತು. ಇನ್ನು ಗುಂಡಿಯಲ್ಲಿ ಚಕ್ರ ಕೆಳಗೆ ಜಗ್ಗಿದರೆ ಹರಿಯದೆ ಇನ್ನೇನಾದೀತು?

ಗಾಡಿ ಯಾಕೆ ಹಾಗೆ ನಿಂತಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಆದರೆ ತಪ್ಪು ನನ್ನ ಕೈಯದಲ್ಲ ಎಂದು ಖಾತ್ರಿಯಾಯಿತು. ಅತ್ತೆಗೆ ಬಿಡಿಸಿ ಹೇಳಿದೆ. ಅವರು ಪಡಸಾಲೆಗೆ ಮುಟ್ಟಿಸಿದ್ದು ಹೀಗೆ: "ಶಾಕಬ್ಸರು ರವಿಕೆ ಥರ ಗಿಡ್ಡಾಗೈತಂತ್ರಿ."

ಮಾವಾರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕುಣೀಲಾರ್ದಾಕಿ ನೆಲ ಡೊಂಕು ಅಂದ್ಲಂತೆ. ಆಕಿಗೆ ಹೇಳು, ಬುಧವಾರ ಬೆಳಿಗ್ಗೆ ಗಾಡಿ ತೊಳೆದಿಡ್ಲಿ ಅಂತ."

ಮೈಯೆಲ್ಲ ಉರಿದುಹೋಯಿತು. ಗಾಡಿ ತೊಳೆದೆ. ಹರಿದ ಮೂರನ್ನೂ ಗೋಣಿಚೀಲದಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಇಟ್ಟೆ.

ಬುಧವಾರ ಮಾವಾರು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಪಕ್ಕದಲ್ಲಿ ಕೂತರು. ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ನಡುವೆ ಅತ್ತೆ ಇಲ್ಲ, ಗೇರಿನ ಕಡ್ಡಿ ಮಾತ್ರ. ದಾವಣಗೆರೆ ದಾಟಿ ಹರಿಹರ ಹತ್ತಿರವಾಯಿತು. ಗಿರಾಕಿಯಿದ್ದ ಪೇಟೆಯ ಕಡೆ ಹೋಗಬೇಕಾದಲ್ಲಿ ನಾನು ಗುತ್ತೂರಿನ ದಾರಿಗೆ ತಿರುಗಿಸಿದೆ. ಅಲ್ಲಿ ಒಬ್ಬ ಫಿಟ್ಟರ್ ಇದ್ದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಮನೆಯ ಪಕ್ಕ ಶೆಡ್ಡು ಹಾಕಿ ಕಬ್ಬಿಣ ಕಡೆಯುವ ಲೇತ್ ಯಂತ್ರ ಇಟ್ಟಿದ್ದವರು. ನಮ್ಮ ಗದ್ದೆಯ ಪಂಪು ಕೆಟ್ಟಾಗ ಅದರ ದಂಡವನ್ನು ಹೊಸದಾಗಿ ಕಡೆದು ಕೊಟ್ಟಿದ್ದರು.

ಮಾವಾರು ಕೆಮ್ಮಿದರು. ಯಾರ ಕೈಲಿ ಹೇಳಿಸುವುದು? ಕೊನೆಗೆ ಮುಂದಿನ ಗಾಜಿಗೆ ಹೇಳಿದರು, "ಪ್ಯಾಟಿಗೆ ಈ ದಾರಿ ಅಲ್ಲ."

ನಾನೂ ಗಾಜಿಗೇ ಹೇಳಿದೆ, "ಗೊತ್ತೈತೆ."

ಶೆಡ್ಡಿನ ಮುಂದೆ ನಿಲ್ಲಿಸಿದೆ. ಮಾವಾರು ಇಳಿಯಲಿಲ್ಲ, ಆ ಕಡೆ ಮುಖ ಮಾಡಿ ಕೂತರು. ನಾನು ಗೋಣಿಚೀಲ ಬಿಚ್ಚಿ ಫಿಟ್ಟರ್ ಮುಂದೆ ಮೂರನ್ನೂ ಇಟ್ಟೆ. ಟೇಪಿನ ಅಳತೆ ಹೇಳಿದೆ, ರವಿಕೆಯ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಖರೇ ಐತೆ ಅಕ್ಕಾರೆ. ಇದು ಗುದ್ದಿ ಮುರಿದಿದ್ದಲ್ಲ, ಜಗ್ಗಿ ಹರಿದಿದ್ದು. ಮೂವತ್ತು ವರ್ಷ ಕಾರ್ಖಾನ್ಯಾಗೆ ದುಡಿದೀನಿ, ಇಷ್ಟು ಚಂದಾಗಿ ನೋಡಿ ಹೇಳಿದೋರು ಕಡಿಮಿ."

ಆ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಬಗ್ಗಿ ಹಿಂದಿನ ಚಕ್ರದ ಮೇಲೆ ಗಾಡಿಯ ಭಾರ ಹೊರುವ ಉಕ್ಕಿನ ಪ್ಲೇಟುಗಳ ಕಟ್ಟನ್ನು ಬೆರಳಿಂದ ಎಣಿಸಿ, ಎದ್ದು ಮಾವಾರ ಕಡೆ ನೋಡಿದರು.

"ಸಾವ್ಕಾರ್ರೆ, ಈ ಎರಡು ಹೆಚ್ಚಿನ ಪ್ಲೇಟು ನಾನೇ ಹಾಕಿದ್ದಲ್ಲೇನ್ರಿ? ಪ್ಲೇಟು ಹಾಕಿದ್ರೆ ಗಾಡಿ ಎತ್ತರ ಆಗ್ತೈತೆ, ಕಂಪನಿ ಶಾಕಬ್ಸರು ಗಿಡ್ಡ ಬೀಳ್ತೈತೆ, ಉದ್ದಂದು ಹಾಕ್ಸಬೇಕು, ಗಾಡಿ ಓಡ್ಸೋರಿಗೆ ಹೇಳ್ರಿ ಅಂತ ಅವತ್ತೇ ಹೇಳಿದ್ನಲ್ರಿ?"

ಗಾಡಿ ಓಡಿಸುವವಳು ನಾನು. ನನಗೆ ಹೇಳಬೇಕಾದವರು ಮಾವಾರು.

ಆಗ ನನ್ನ ಬಾಯಿ ಕಟ್ಟೆ ಒಡೆಯಿತು. ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. "ಮಾವಾರೆ" ಅಂದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು. "ಎತ್ತಿಗೆ ಜ್ವರ ಬಂದ್ರೆ ಎಮ್ಮಿಗೆ ಬರೆ ಹಾಕಿದ್ರಲ್ರಿ! ಪ್ಲೇಟು ಹಾಕ್ಸಿದೋರು ನೀವು, ಬೈಸ್ಕೊಂಡಾಕಿ ನಾನು. ಹೆಂಗಸ್ರು ಓಡ್ಸಿದ್ರೆ ಹಿಂಗೇ ಅಂದ್ರಿ. ಕುಣೀಲಾರ್ದಾಕಿ ಅಂದ್ರಿ. ನೆಲ ಖರೇನೇ ಡೊಂಕಿತ್ತು, ಡೊಂಕು ಮಾಡಿದೋರು ನೀವು!"

ಫಿಟ್ಟರ್ ಕೈಯಲ್ಲಿದ್ದ ಸ್ಪ್ಯಾನರ್ ಮೆಲ್ಲಗೆ ಕೆಳಗಿಟ್ಟರು. ಮಾವಾರು ಜೀಪಿನಿಂದ ಇಳಿದರು. ಹೊಡೆದೇ ಬಿಡುತ್ತಾರೇನೋ ಅಂದುಕೊಂಡೆ. ಅವರು ನನ್ನನ್ನು ನೋಡಲಿಲ್ಲ. ಫಿಟ್ಟರ್ ಕಡೆ ತಿರುಗಿದರು.

"ಆಕಿಗೆ ಹೇಳಪ್ಪಾ" ಅಂದರು. ದನಿ ಸಣ್ಣಗಾಗಿತ್ತು. "ಹೋದ ವರ್ಷ ಮಳಿಗಾಲದಾಗ ಚಾನಲ್ ಏರಿ ಮ್ಯಾಲೆ ಗಾಡಿ ಹೊಟ್ಟಿ ತಾಗಿ ಸಿಕ್ಕೊಂಡಿತ್ತು. ಆಕಿ ಒಬ್ಬಾಕಿ ಕೆಸರಾಗ ನಡಕೊಂಡ್ ಹೋಗ್ಯಾಳೆ. ಹಂಗೇ ಮನಿಗೆ ಬಂದ್ಲು. ಅವತ್ತು ನನಗೆ ಅನ್ನ ಸೇರಲಿಲ್ಲ. ಬ್ಯಾರೆಯೋರ ಮನಿ ಮಗಳು, ನಮ್ಮ ಗದ್ದಿ ಸಲುವಾಗಿ ಅಲ್ಲಿ ಒಬ್ಬಾಕಿ ನಿಂತಿದ್ರೆ ಏನ್ ಗತಿ? ಗಾಡಿ ಎತ್ತರ ಇದ್ರೆ ಸಿಕ್ಕೊಳ್ಳಲ್ಲ ಅಂತ ಪ್ಲೇಟು ಹಾಕ್ಸಿದೆ. ಮನ್ಯಾಗೆ ಹೆಂಗೆ ಹೇಳ್ಲಿ? ಸೊಸಿಗಾಗಿ ಮಾಡ್ಸಿದೆ ಅಂತ ಬಾಯಿಬಿಟ್ಟು ಹೇಳ್ತಾರೇನು? ಈ ಶಾಕಬ್ಸರಿನ ಮಾತು ನನ್ನ ತಲಿಗೇ ಹತ್ತಲಿಲ್ಲ."

ಫಿಟ್ಟರ್ ಪಾಪ, ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ತಿರುಗಿ, "ನಿಮಗಾಗಿ ಹಾಕ್ಸಿದ್ರಂತೆ ಅಕ್ಕಾರೆ" ಅಂದರು.

ಕಣ್ಣೀರು ಬಂತು. ಈ ಸಲ ಸಿಟ್ಟಿನದಲ್ಲ. ಸಿಟ್ಟು ಪೂರ್ತಿ ಹೋಗಿತ್ತು ಅಂದರೆ ಸುಳ್ಳು ಹೇಳಿದ ಹಾಗೆ. ಅಷ್ಟು ಅಕ್ಕರೆ ಇದ್ದವರು ಒಂದು ಮಾತು ಆಡಬಾರದಿತ್ತೇ? ಆದರೆ ಒಂದು ವರ್ಷದಿಂದ ನಾನು ಜೀಪಿನ ಹೊಟ್ಟೆ ತಾಗದಂತೆ ಆ ದಿಬ್ಬ ದಾಟುತ್ತಿದ್ದದ್ದು ನನ್ನ ಕೈಚಳಕ ಅಂದುಕೊಂಡಿದ್ದೆ. ಅರ್ಧ ಅವರದೂ ಇತ್ತು.

"ಈಗ ಏನ್ ಮಾಡ್ಲಿ?" ಅಂತ ಫಿಟ್ಟರ್ ಕೇಳಿದರು. "ಪ್ಲೇಟು ಬಿಚ್ಚಿದ್ರೆ ಗಾಡಿ ಮೊದ್ಲಿನಂಗೆ ಇಳೀತೈತೆ, ಕಂಪನಿ ಶಾಕಬ್ಸರೇ ಸಾಕು. ಸುಲಭದ ಕೆಲಸ."

"ಬಿಚ್ಚಪ್ಪ" ಅಂದರು ಮಾವಾರು.

"ಬ್ಯಾಡ" ಅಂದೆ ನಾನು. "ಪ್ಲೇಟು ಇರ್ಲಿ. ಶಾಕಬ್ಸರೇ ಉದ್ದಂದು ಹುಡುಕ್ರಿ."

ಆಗ ಮಾವಾರು ಮೊದಲ ಸಲ ನನ್ನ ಕಡೆ ತಿರುಗಿದರು. ನಡುವೆ ಯಾರೂ ಇಲ್ಲ. "ಎಷ್ಟು ಉದ್ದಂದು ಬೇಕವ್ವ?" ಅಂದರು.

ನಾನು ಗೋಣಿಚೀಲದಲ್ಲಿ ತಂದಿದ್ದ ಟೇಪು ತೆಗೆದು ಅಳತೆ ಹಿಡಿದು ತೋರಿಸಿದೆ. ನಾಲ್ಕು ಬೆರಳು ಹೆಚ್ಚು.

ಹರಿಹರದಲ್ಲಿ ಹುಡುಕಿದಾಗ ದೊಡ್ಡ ವ್ಯಾನಿನದೊಂದು ಜೊತೆ ಸಿಕ್ಕಿತು. ಉದ್ದ ಸರಿಯಾಯಿತು, ಆದರೆ ಅದರ ಕಿವಿಯ ತೂತು ದೊಡ್ಡದು, ನಮ್ಮ ಜೀಪಿನ ಬೋಲ್ಟಿಗೆ ಲೊಡಬಡ ಅನ್ನುತ್ತಿತ್ತು. ಫಿಟ್ಟರ್ ಲೇತ್‌ಗೆ ಕೂತು ಉಕ್ಕಿನ ಬುಶ್ಶು ಕಡೆದರು, ಬಳೆಯೊಳಗೆ ಬಳೆ ಕೂರಿಸಿದ ಹಾಗೆ. ಮೊದಲನೆಯದು ಬಿಗಿಯಾಯಿತು, ಎರಡನೆಯದು ನನ್ನ ಕೈ ಒತ್ತಿಗೇ ಟಪ್ಪೆಂದು ಕೂತಿತು. ಬಿಸಿಲು ಇಳಿಯುವವರೆಗೂ ಮಾವಾರು ಕಟ್ಟಿಗೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಕೊನೆಗೆ ಬಿಳಿ ಪಂಚೆಯ ಯೋಚನೆಯನ್ನೂ ಮಾಡದೆ ನೆಲಕ್ಕೆ ಮೊಣಕಾಲೂರಿ, ಗಾಡಿಯ ಕೆಳಗೆ ಬಗ್ಗಿ, "ಈಗ ಕೈ ಇಳಿಸೈತೆ ನೋಡು" ಅಂದರು.

ಪೇಟೆಗೆ ಹೋಗಲೇ ಇಲ್ಲ. ಮರುದಿನ ಬೆಳಿಗ್ಗೆ ಮಾವಾರನ್ನು ಕೂರಿಸಿಕೊಂಡು ನೇರ ಚಾನಲ್ ಏರಿಗೆ ಹೋದೆ. ಆ ದಿಬ್ಬವನ್ನೂ ಗುಂಡಿಗಳನ್ನೂ ಬೇಕೆಂದೇ ಸ್ವಲ್ಪ ಜೋರಾಗಿ ಹತ್ತಿಸಿ ಇಳಿಸಿದೆ. ಜೀಪು ಒಮ್ಮೆ ಎದ್ದು, ಒಮ್ಮೆ ಕೂತು, ಸುಮ್ಮನಾಯಿತು. ಕುಣಿಯಲಿಲ್ಲ. ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದ ಮಾವಾರು ಕೈ ಬಿಟ್ಟರು. ಅವತ್ತಿನಿಂದ ಅವರು ಗಾಡಿಯಲ್ಲಿ ಕೂತರೆ ನನ್ನ ಜೊತೆ ಮಾತಾಡುತ್ತಿದ್ದರು. ನೀರಿನ ಮಾತು, ಬೀಜದ ಮಾತು, ಅವರ ತಾಯಿಯ ಮಾತು. ಮನೆಯ ಹೊಸ್ತಿಲು ದಾಟಿದರೆ ಮತ್ತೆ "ಆಕಿಗೆ ಹೇಳು". ಅತ್ತೆಯ ಕೆಲಸ ತಪ್ಪಲಿಲ್ಲ.

ಆ ಶಾಕಬ್ಸರುಗಳು ಮತ್ತೆ ಹರಿಯಲಿಲ್ಲ. ಎಷ್ಟೋ ಜೀಪಿನವರು ಅದನ್ನು ನೋಡಿಕೊಂಡು ಹೋಗಿ ತಮ್ಮ ಗಾಡಿಗೂ ಹಾಕಿಸಿದರು. ಗುತ್ತೂರಿನ ಫಿಟ್ಟರ್ ಎಲ್ಲರಿಗೂ "ಆ ಅಕ್ಕಾರು ಹುಡುಕಿದ್ದು" ಅಂತಲೇ ಹೇಳುತ್ತಿದ್ದರು. ಕೇಳಿದಾಗೆಲ್ಲ ನಾನು ಕೇಳಿಸದವಳ ಹಾಗೆ ನಟಿಸುತ್ತಿದ್ದೆ.

ಹರಿಹರದ ಗಿರಾಕಿ ಮಾತ್ರ ಬಿಡಲಿಲ್ಲ. ಆ ವಾರದ ಭಾನುವಾರವೇ ಮನೆಗೆ ಬಂದಿದ್ದ. ಪಡಸಾಲೆಯಲ್ಲಿ ಚಹಾ ಕುಡಿದು, "ಗಾಡಿ ತೋರಿಸ್ತೀನಿ ಅಂದಿದ್ರಲ್ರಿ ಸಾವ್ಕಾರ್ರೆ" ಎಂದು ಕೇಳಿದ. ನಾನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ.

ಮಾವಾರು ಅತ್ತೆಯ ಕಡೆ ತಿರುಗಿದರು. "ಆಕಿಗೆ ಹೇಳು, ಹೊರಗ ಬರ್ಲಿ. ಗಾಡಿ ಆಕಿದು. ಆಕಿನೇ ಮಾತಾಡ್ಲಿ."

ಅತ್ತೆ ನನ್ನ ಕಡೆ ತಿರುಗಿದರು. ನಾನು ಕೈ ಒರೆಸಿಕೊಂಡು ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನಿಂತೆ. ಸೆರಗು ಸರಿಮಾಡಿಕೊಂಡೆ.

"ಕೊಡೋದಿಲ್ರಿ" ಅಂದೆ.

ಆತ ಗಾಬರಿಯಾಗಿ ಮಾವಾರ ಮುಖ ನೋಡಿದ.

"ನನ್ನ ಯಾಕ ನೋಡ್ತೀಯಪ್ಪ?" ಅಂದರು ಮಾವಾರು. "ಕೇಳಿಸ್ತಲ್ಲ?"